ಹರ್ಡ್ ದ್ವೀಪದ ಹಿಮನದಿ ಎಷ್ಟು ಹಿಂದೆ ಸರಿದಿದೆ? ಉಪಗ್ರಹ ಚಿತ್ರದಿಂದ ಅಳೆಯುವ ಬಗೆ

ಆಸ್ಟ್ರೇಲಿಯಾದ ಪರ್ತ್‌ನಿಂದ ನೈಋತ್ಯಕ್ಕೆ ಸುಮಾರು 4,000 ಕಿ.ಮೀ. ದೂರದ ಹರ್ಡ್ ದ್ವೀಪಕ್ಕೆ ಹೋಗಿಬರುವುದು ಸುಲಭವಲ್ಲ. ಆದರೆ ಅಲ್ಲಿನ ಸ್ಟೀಫನ್‌ಸನ್ ಹಿಮನದಿಯ ಹಿಂಜರಿತವನ್ನು ಉಚಿತವಾಗಿ ಸಿಗುವ ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಮತ್ತು ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶ ಇಟ್ಟುಕೊಂಡು ಯಾರು ಬೇಕಾದರೂ ಅಳೆಯಬಹುದು.

ಚಿತ್ರ ಆರಿಸುವುದೇ ಅರ್ಧ ಕೆಲಸ. ದ್ವೀಪದ 2,745 ಮೀ. ಎತ್ತರದ ಜ್ವಾಲಾಮುಖಿಗೆ ಮೋಡ ಸದಾ ಕವಿದಿರುತ್ತದೆ. ಹಾಗೆಂದು ಮೋಡದ ಶೇಕಡಾವಾರು ನೋಡಿ ಚಿತ್ರಗಳನ್ನು ಸೋಸಬೇಡಿ. ಆ ಲೆಕ್ಕ ಸುತ್ತಲಿನ ಸಮುದ್ರವನ್ನೂ ಸೇರಿಸಿಕೊಂಡದ್ದು, ಶೇ. 80 ಮೋಡವಿದ್ದರೂ ಹಿಮನದಿಯ ಅಂಚು ಮಾತ್ರ ತಿಳಿಯಾಗಿರಬಹುದು. ಒಂದೊಂದನ್ನೂ ಕಣ್ಣಾರೆ ನೋಡಿ. ಹೊಸ ಹಿಮ ಅಂಚನ್ನು ಮುಚ್ಚಿರದ ಜನವರಿ–ಮಾರ್ಚ್ ಚಿತ್ರಗಳೇ ಒಳ್ಳೆಯವು. ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ 2003ರ ಮೇ 31ರ ನಂತರ ಖಾಲಿ ಪಟ್ಟೆಗಳಿವೆ. ಅಂಚು ಪಟ್ಟೆಯೊಳಗೆ ಬಿದ್ದಿದ್ದರೆ ಬಿಟ್ಟುಬಿಡಿ.

ಲ್ಯಾಂಡ್‌ಸ್ಯಾಟ್ 8ರಲ್ಲಿ 6-5-4, ಸೆಂಟಿನೆಲ್-2ರಲ್ಲಿ 11-8-4 ಬ್ಯಾಂಡ್‌ಗಳನ್ನು (ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ತೆಗೆದ ಪದರಗಳನ್ನು) ಜೋಡಿಸಿದರೆ ಮಂಜುಗಡ್ಡೆ ತಿಳಿನೀಲಿಯಾಗಿ, ನೀರು ಕಪ್ಪಾಗಿ ಕಾಣುತ್ತದೆ. ಎನ್‌ಡಿಎಸ್‌ಐ (ಹಸಿರು ಮತ್ತು ಕಿರುತರಂಗ ಅತಿಗೆಂಪು ಬ್ಯಾಂಡ್‌ಗಳಿಂದ ಹಿಮ ಗುರುತಿಸುವ ಸೂಚ್ಯಂಕ) 0.4ಕ್ಕಿಂತ ಹೆಚ್ಚಿದ್ದದ್ದೆಲ್ಲ ಮಂಜು ಎಂದು ತಂತ್ರಾಂಶಕ್ಕೆ ಒಪ್ಪಿಸಿದರೆ ಇಲ್ಲಿ ಮೋಸಹೋಗುತ್ತೀರಿ: ಹಿಮನದಿಯ ಮುಂದಿನ ಲಗೂನಿನ (ಕಡಲಂಚಿನ ಸರೋವರದ) ನೀರೂ ಅಷ್ಟೇ ಮೌಲ್ಯ ಕೊಡಬಲ್ಲದು. ಸಮೀಪ-ಅತಿಗೆಂಪು ಪ್ರತಿಫಲನ 0.11ಕ್ಕಿಂತ ಹೆಚ್ಚಿರಬೇಕೆಂಬ ಷರತ್ತು ಸೇರಿಸಿದರೆ ನೀರು ಬಹುಮಟ್ಟಿಗೆ ಹೊರಹೋಗುತ್ತದೆ, ತೇಲುವ ಗಡ್ಡೆಗಳು ಉಳಿಯುತ್ತವೆ. ಪಕ್ಕದ ಅಂಚುಗಳಲ್ಲಿ ಇದರ ಉಲ್ಟಾ ತೊಂದರೆ; ಕಲ್ಲು-ಬೂದಿ ಹೊದ್ದ ಮಂಜು ನೆಲದಂತೆ ಕಾಣುತ್ತದೆ. ಆದ್ದರಿಂದ ಅಂಚಿನ ಗೆರೆಯನ್ನು ಕೈಯಿಂದಲೇ ಎಳೆಯಿರಿ. ಬಿರುಕುಗಳಿರುವ ಅಖಂಡ ಮೈ ಎಲ್ಲಿ ಮುಗಿಯುತ್ತದೋ ಅದೇ ಅಂಚು.

ನಡುಗೆರೆಯೊಂದರ ಮೇಲೆ ಅಳೆದರೆ, ಅಲ್ಲೊಂದು ತುಂಡು ಕಳಚಿಬಿದ್ದರೂ ಇಡೀ ಹಿಮನದಿ ಓಡಿಹೋದಂತೆ ತೋರುತ್ತದೆ. ಹರಿವಿಗೆ ಸಮಾಂತರವಾಗಿ ಒಂದು ಆಯತ ಹಾಕಿ. ಹಿಂಬದಿ ಎಲ್ಲ ವರ್ಷಗಳ ಅಂಚಿಗಿಂತ ಮೇಲಿರಲಿ, ಮತ್ತೆ ಬದಲಿಸಬೇಡಿ. ಆಯತದೊಳಗಿನ ಮಂಜಿನ ವಿಸ್ತೀರ್ಣವನ್ನು ಆಯತದ ಅಗಲದಿಂದ ಭಾಗಿಸಿದರೆ ಸರಾಸರಿ ಉದ್ದ. 1,200 ಮೀ. ಅಗಲದಲ್ಲಿ 0.6 ಚ.ಕಿ.ಮೀ. ಕಡಿಮೆಯಾಗಿದ್ದರೆ ಹಿಂಜರಿತ 500 ಮೀ.

ಎಲ್ಲವನ್ನೂ ಇಪಿಎಸ್‌ಜಿ:32743 ಎಂಬ ಸಂಕೇತದ, ದಕ್ಷಿಣಾರ್ಧಗೋಳದ ನಿರ್ದೇಶಾಂಕ ಪದ್ಧತಿಯಲ್ಲೇ ಅಳೆಯಿರಿ. ಲ್ಯಾಂಡ್‌ಸ್ಯಾಟ್ ಕಡತಗಳು ಉತ್ತರಾರ್ಧದ 32643ರಲ್ಲಿ ಬರುತ್ತವೆ. ಕ್ಯುಜಿಐಎಸ್ ಸರಿಹೊಂದಿಸಿ ತೋರಿಸುತ್ತದೆ, ಆದರೆ ನಿರ್ದೇಶಾಂಕಗಳನ್ನು ನೇರ ಕಳೆದರೆ 10,000 ಕಿ.ಮೀ. ವ್ಯತ್ಯಾಸ ಬರುತ್ತದೆ.

ದೋಷದ ಲೆಕ್ಕ ಬಿಡಬೇಡಿ. 30 ಮೀ. ಮತ್ತು 10 ಮೀ. ಪಿಕ್ಸೆಲ್‌ನ ಎರಡು ಚಿತ್ರಗಳ ನಡುವೆ 15 ಮೀ. ಜೋಡಣೆ ದೋಷವಿದ್ದರೆ, ಮೂರರ ವರ್ಗಗಳ ಮೊತ್ತದ ವರ್ಗಮೂಲ 35 ಮೀ. ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಹಿಂಜರಿತ ಎನ್ನಲಾಗದು. ವಾರ್ಷಿಕ ದರಕ್ಕೆ ಎರಡೂ ಚಿತ್ರಗಳ ನಿಜವಾದ ದಿನಾಂಕಗಳ ಅಂತರವನ್ನೇ ಬಳಸಿ. ತಿಳಿಯಾದ ಚಿತ್ರ ಸಿಗದ ವರ್ಷದ ಸಾಲನ್ನು ನಿಮ್ಮ ಪಟ್ಟಿಯಲ್ಲಿ ಖಾಲಿ ಬಿಡಿ.