ನಿಘಂಟಿನ ವಿಷಯಸೂಚಕಗಳಿಗೆ ಚಿಹ್ನೆ ಫಾಂಟು

ಎರಡು ಕಾಲಂಗಳ ನಿಘಂಟಿನಲ್ಲಿ ಅರ್ಥ ಅರ್ಥಕ್ಕೂ ‘ವೈದ್ಯ.’, ‘ರಸಾಯನ.’, ‘ಕಾನೂನು.’ ಎಂದು ಬರೆಯುತ್ತ ಹೋದರೆ ಕಿರಿದಾದ ಸಾಲಿನಲ್ಲಿ ಅರ್ಥಕ್ಕೇ ಜಾಗ ಸಾಲದು. ಅವುಗಳ ಬದಲು ಚಿಹ್ನೆಗಳನ್ನಿಟ್ಟು ನಾನು ಝೀಲೇಟೆಕ್ (XeLaTeX) ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಪುಟ ಕಟ್ಟುವುದು ಹೀಗೆ.

ನಮೂದುಗಳ ಕಡತದಲ್ಲಿ ಚಿಹ್ನೆಯನ್ನು ನೇರವಾಗಿ ಹಾಕುವುದಿಲ್ಲ. ವಿಷಯಕ್ಕೊಂದು ಆದೇಶ ಇರುತ್ತದೆ. ಯಾವ ಚಿಹ್ನೆ, ಯಾವ ಫಾಂಟು, ಎಷ್ಟು ಗಾತ್ರ ಎಂಬುದೆಲ್ಲ ಆ ಆದೇಶದ ವ್ಯಾಖ್ಯೆಯೊಳಗೆ. ನಾಳೆ ಸಂಪಾದಕರು ಕಾನೂನಿಗೆ ತಕ್ಕಡಿ ಚಿಹ್ನೆ ಬೇಡ, ‘ಕಾನೂನು.’ ಎಂದೇ ಇರಲಿ ಎಂದರೆ ಒಂದು ಸಾಲು ತಿದ್ದಿದರೆ ಮುಗಿಯಿತು.

ವಿಂಗ್‌ಡಿಂಗ್ಸ್ ಮಾದರಿಯ ಫಾಂಟುಗಳನ್ನು ನಾನು ಮುಟ್ಟುವುದಿಲ್ಲ. ಅವು ಕೀಲಿಮಣೆಯ ಅಕ್ಷರಕ್ಕೇ ಚಿತ್ರದ ವೇಷ ಹಾಕುತ್ತವೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅಕ್ಷರ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಬೇಕಾದವು ಇವೆ (ಪಕ್ಕದ್ದು ಹೆಕ್ಸ್ ಸಂಕೇತಸಂಖ್ಯೆ): ಲಂಗರು 2693, ವೈದ್ಯದ ಸರ್ಪದಂಡ 2695, ತಕ್ಕಡಿ 2696, ಭಟ್ಟಿ ಪಾತ್ರೆ 2697, ಹಲ್ಲಿನ ಚಕ್ರ 2699. ಎರಡು ಹಾವು ಸುತ್ತಿದ ರೆಕ್ಕೆಯ ದಂಡ (2624) ವೈದ್ಯಕೀಯದ್ದಲ್ಲ, ಅದು ಗ್ರೀಕರ ಹರ್ಮೀಸ್ ದೇವತೆಯದು. ಈ ಚಿಹ್ನೆಗಳೆಲ್ಲ ಡೇಜಾವು ಸ್ಯಾನ್ಸ್ (DejaVu Sans) ಫಾಂಟಿನಲ್ಲಿ ಸಿಗುತ್ತವೆ.

ಫಾಂಟು ಆರಿಸಲು ಬಳಸುವ ಫಾಂಟ್‌ಸ್ಪೆಕ್ (fontspec) ಪ್ಯಾಕೇಜಿನಲ್ಲಿ ಚಿಹ್ನೆಗಳಿಗೆ ಪ್ರತ್ಯೇಕ ಫಾಂಟು ಕುಟುಂಬ ಘೋಷಿಸಬೇಕು. ಗಾತ್ರ ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆ ಇಲ್ಲಿ ನಂಬಿಕೆಗೆ ಅರ್ಹವಲ್ಲ: ಅದು ಅಳೆಯುವುದು ಲ್ಯಾಟಿನ್ ಸಣ್ಣಕ್ಷರದ ಎತ್ತರವನ್ನು, ಕನ್ನಡ ಅಕ್ಷರದ ಮೈಯನ್ನಲ್ಲ. ಮೂಲ ಗಾತ್ರದ 0.8ರಿಂದ ಶುರುಮಾಡಿ ಕಣ್ಣಳತೆಯಲ್ಲೇ ಸರಿಪಡಿಸುತ್ತೇನೆ. ಪರೀಕ್ಷೆ ಪರದೆಯ ಮೇಲಲ್ಲ, ಕಾಗದದ ಮೇಲೆ, ನಿಜಗಾತ್ರದಲ್ಲಿ. 7 ಪಾಯಿಂಟಿನಲ್ಲಿ ತಕ್ಕಡಿಯ ದಾರಗಳು ಮೊದಲು ಮಾಯವಾಗುತ್ತವೆ.

ಹೆಚ್ಚು ಕಾಟ ಕೊಡುವುದು ಸಾಲಿನ ಅಂತರ. ಚಿಹ್ನೆ ಎತ್ತರವಾಗಿದ್ದು ಮೇಲಿನ ಸಾಲಿನ ಒತ್ತಕ್ಷರಕ್ಕೆ ತಗಲುವಂತಾದರೆ ಟೆಕ್ (ಝೀಲೇಟೆಕ್‌ನ ಒಳಗಿನ ಯಂತ್ರ) ಆ ಸಾಲನ್ನು ಕೆಳಗೆ ತಳ್ಳುತ್ತದೆ, ಅಕ್ಕಪಕ್ಕದ ಕಾಲಂಗಳ ಸಾಲುಗಳು ಹೊಂದುವುದಿಲ್ಲ. ಎತ್ತರ, ಆಳ ಎರಡನ್ನೂ ಸೊನ್ನೆ ಎಂದು ತೋರಿಸುವ ಸ್ಮ್ಯಾಶ್ (\smash) ಆದೇಶದೊಳಗೆ ಚಿಹ್ನೆಯನ್ನಿಟ್ಟರೆ ಇದು ನಿಲ್ಲುತ್ತದೆ. ಆಮೇಲೆ ನಿಜಕ್ಕೂ ಒತ್ತಕ್ಷರಕ್ಕೆ ತಗಲುತ್ತಿದೆಯೇ ಎಂದು ನೋಡುವ ಹೊಣೆ ನಮ್ಮದೇ. ಚಿಹ್ನೆಯ ನಂತರ ಒಡೆಯದ ಕಿರು ಜಾಗ ಇರಲಿ, ಇಲ್ಲವಾದರೆ ಚಿಹ್ನೆ ಸಾಲಿನ ಕೊನೆಯಲ್ಲಿ ಒಂಟಿಯಾಗಿ ಉಳಿದು ಅರ್ಥ ಕೆಳಗಿಳಿಯುತ್ತದೆ.

ಫಾಂಟಿನಲ್ಲಿ ಇಲ್ಲದ ಚಿಹ್ನೆ ಕೇಳಿದರೂ ಟೆಕ್ ನಿಲ್ಲುವುದಿಲ್ಲ. 2021ರ ಅಥವಾ ನಂತರದ ಟೆಕ್ ಲೈವ್ (ಟೆಕ್ ತಂತ್ರಾಂಶಗಳ ಕಟ್ಟು) ಇದ್ದು, ಫಾಂಟಿನಲ್ಲಿ ಸಿಗದ ಅಕ್ಷರಗಳನ್ನು ವರದಿ ಮಾಡುವ ‘ಟ್ರೇಸಿಂಗ್‌ಲಾಸ್ಟ್‌ಚಾರ್ಸ್’ (\tracinglostchars) ಬೆಲೆಯನ್ನು 3 ಮಾಡಿದರೆ ಅದು ದೋಷವೆಂದೇ ಬರುತ್ತದೆ. ಸಾವಿರಾರು ನಮೂದುಗಳಿರುವ ಕೆಲಸದಲ್ಲಿ ಇದಿಲ್ಲದೆ ಕೂರಬಾರದು.

ಇದೇ ಕಡತ ಜಾಲಪುಟಕ್ಕೂ ಹೋಗುವುದಾದರೆ ಲಂಗರು, ತಕ್ಕಡಿ ಬಣ್ಣದ ಎಮೋಜಿಗಳಾಗಬಹುದು. ಚಿಹ್ನೆಯ ಬೆನ್ನಿಗೇ ವೇರಿಯೇಷನ್ ಸೆಲೆಕ್ಟರ್ 15 ಎಂಬ ಕಾಣದ ಯುನಿಕೋಡ್ ಅಕ್ಷರ ಸೇರಿಸಿದರೆ ಸಾಮಾನ್ಯವಾಗಿ ಕಪ್ಪುಬಿಳುಪಿನ ರೂಪ ಬರುತ್ತದೆ. ಅದನ್ನು ಜಾಲಪುಟದ ಪ್ರತಿಗೆ ಮಾತ್ರ ಸೇರಿಸಿ; ಮುದ್ರಣದ ಫಾಂಟಿಗೆ ಅದು ಗೊತ್ತಿಲ್ಲದಿದ್ದರೆ ಖಾಲಿ ಚೌಕ ಬೀಳಬಹುದು. ಪಿಡಿಎಫ್‌ನಲ್ಲಿ ಹುಡುಕುವವರಿಗೆ ಚಿಹ್ನೆಯ ಹಿಂದೆ ‘ವೈದ್ಯ.’ ಎಂಬ ಪಠ್ಯವೇ ಸಿಗುವಂತೆ ಆಕ್ಸೆಸ್‌ಸಪ್ (accsupp) ಪ್ಯಾಕೇಜಿನಿಂದ ಜೋಡಿಸಬಹುದು.