ಇದು ಕೆರೆಯಲ್ಲ: ಟೊರಾಂಟೋ ಕಡೆ ಹೊರಟವರಿಗೆ ಸಾಲ್ಮನ್ ಗಾಳದ ಪಾಠ

ಈ ಜನವರಿಯಲ್ಲಿ ರಜೆಗೆ ಅಂತ ವಿಜಯನಗರದ ಮನೆಗೆ ಬಂದಿದ್ದೇನೆ. ಅಕ್ಕನ ಮಗನಿಗೆ ವೀಸಾ ಬಂದಿದೆ, ಮೇ ತಿಂಗಳಿಗೆ ಕೆನಡಾದ ಟೊರಾಂಟೋ ಪಕ್ಕದ ಮಿಸ್ಸಿಸಾಗಾಗೆ ಹೊರಡುತ್ತಾನೆ. ಬಾಡಿಗೆ, ಬ್ಯಾಂಕು, ಚಳಿಗಾಲದ ಜಾಕೆಟ್ಟು ಎಲ್ಲ ಕೇಳಿ ಮುಗಿಸಿದ ಮೇಲೆ ಮೆಲ್ಲಗೆ ಕೇಳಿದ. "ಮಾವ, ಸಾಲ್ಮನ್ ಮೀನು ಹಿಡಿಯೋಕೆ ನನ್ನನ್ನೂ ಕರ್ಕೊಂಡು ಹೋಗ್ತೀರಾ?"

ನಾನು ಬಚ್ಚಲಿಂದ ಬಕೆಟ್ ತಂದೆ. ಅರ್ಧ ನೀರು ತುಂಬಿಸಿ, ಒಂದು ಚೀಲ ಐಸ್ ತರಿಸಿ ಸುರಿದೆ. "ಎರಡೂ ಕೈ ಮೊಣಕೈವರೆಗೆ ಮುಳುಗಿಸು" ಅಂದೆ. ಮೊದಲು ನಗುತ್ತಿದ್ದ. ಒಂದು ನಿಮಿಷಕ್ಕೆ ನಗು ನಿಂತಿತು. ಮೂರು ನಿಮಿಷ ಆದ ಮೇಲೆ ಕೈ ತೆಗೆಸಿ, ಒಂದು ದಾರ ಮತ್ತು ಸೇಫ್ಟಿ ಪಿನ್ ಕೊಟ್ಟು ಗಂಟು ಹಾಕು ಅಂದೆ. ದಾರ ಜಾರಿ ಜಾರಿ ಬಿತ್ತು. "ಮಾವ, ಬೆರಳು ನನ್ನ ಮಾತೇ ಕೇಳ್ತಿಲ್ಲ" ಅಂದ.

ನೀನು ಇಳಿಯೋ ಹೊತ್ತಿಗೆ, ಮೇ ತಿಂಗಳಲ್ಲಿ, ಒಂಟಾರಿಯೋ ಸರೋವರದ ನೀರು ಹೆಚ್ಚುಕಮ್ಮಿ ಹೀಗೇ ಇರುತ್ತದೆ ಅಂತ ಹೇಳಿದೆ. ಅಲ್ಲಿ ಮೀನು ಎಲ್ಲಿದೆ, ನಾವು ಯಾವಾಗ ಹೋಗಬೇಕು, ವಾಪಸ್ ಬರುತ್ತೇವೋ ಇಲ್ಲವೋ, ಎಲ್ಲವನ್ನೂ ತೀರ್ಮಾನ ಮಾಡುವುದು ನೀರಿನ ತಂಪು. ಹದಿನೆಂಟು ವರ್ಷ ಆ ನೀರಿನ ದಡದಲ್ಲಿ ಬದುಕಿ ನಾನು ಕಲಿತದ್ದು ಇದನ್ನೇ. ಅವನಿಗೆ ಹೇಳಿದ್ದನ್ನೇ ಇಲ್ಲಿಂದ ಹೊರಡುವ ಎಲ್ಲರಿಗೂ ಬರೆಯುತ್ತಿದ್ದೇನೆ.

ನಮ್ಮಲ್ಲಿ ತುಂಬಾ ಜನ ಊರ ಕೆರೆಯಲ್ಲಿ ಎರೆಹುಳು ಚುಚ್ಚಿ ಜಿಲೇಬಿ ಮೀನು ಹಿಡಿದವರೇ. ಆ ಕೈ ಅಭ್ಯಾಸ ಒಳ್ಳೆಯದು, ಆದರೆ ಕೆರೆಯ ಅಂದಾಜು ಇಲ್ಲಿ ನಡೆಯುವುದಿಲ್ಲ. ಆ ಸರೋವರ ಸುಮಾರು 19,000 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯಂಥ ಎಂಟು ಜಿಲ್ಲೆ ಅದರಲ್ಲಿ ಮುಳುಗುತ್ತವೆ. ಅತಿ ಆಳದ ಕಡೆ 244 ಮೀಟರ್ ಇದೆ. ಇಷ್ಟಾಗಿ ಅಲ್ಲಿನ ಐದು ಮಹಾ ಸರೋವರಗಳಲ್ಲಿ ವಿಸ್ತಾರದಲ್ಲಿ ಇದೇ ಚಿಕ್ಕದು. ಆಚೆ ದಡ ಕಾಣಿಸುವುದಿಲ್ಲ. ಬೆಳಿಗ್ಗೆ ಕನ್ನಡಿ ಥರ ಇದ್ದ ನೀರು ಮಧ್ಯಾಹ್ನಕ್ಕೆ ಆಳೆತ್ತರದ ಅಲೆ ಎಬ್ಬಿಸುತ್ತದೆ.

ಮೊದಲು ಲೈಸೆನ್ಸ್ ವಿಷಯ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಒಂಟಾರಿಯೋ ಪ್ರಾಂತ್ಯದಲ್ಲಿ ಮೀನು ಹಿಡಿಯಲು 18ರಿಂದ 64 ವಯಸ್ಸಿನವರಿಗೆ ಲೈಸೆನ್ಸ್ ಬೇಕೇ ಬೇಕು. ಜೊತೆಗೆ ಔಟ್‌ಡೋರ್ಸ್ ಕಾರ್ಡ್ ಅನ್ನುವ ಗುರುತಿನ ಚೀಟಿ ಬೇಕು, ಅದು ಮೂರು ವರ್ಷ ನಡೆಯುತ್ತದೆ. ಒಂದು ದಿನದ ಲೈಸೆನ್ಸ್ ತೆಗೆದುಕೊಂಡರೆ ಆ ಕಾರ್ಡ್ ಬೇಡ. ಅಲ್ಲಿ ಬಾಡಿಗೆ ಮನೆ ಮಾಡಿದ ಮಾತ್ರಕ್ಕೆ ನೀವು ಅಲ್ಲಿನ ನಿವಾಸಿ ಆಗುವುದಿಲ್ಲ. ಹಿಂದಿನ 12 ತಿಂಗಳಲ್ಲಿ ಸತತ ಆರು ತಿಂಗಳು ವಾಸ ಇದ್ದಿರಬೇಕು. ಅಲ್ಲಿವರೆಗೆ ಹೊರಗಿನವರ ಲೈಸೆನ್ಸೇ, ಅದಕ್ಕೆ ದುಡ್ಡು ಜಾಸ್ತಿ. ನನಗೆ ಒಂದು ಅಂಗಡಿಯಲ್ಲಿ ಏನೂ ಕೇಳದೆ ನಿವಾಸಿಗಳ ಲೈಸೆನ್ಸ್ ಕೊಟ್ಟುಬಿಟ್ಟರು. ನಾನು ಬಂದು ಮೂರೇ ತಿಂಗಳಾಗಿತ್ತು. ಎರಡನೇ ವಾರವೇ ದಡದಲ್ಲಿ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೆ ಆ ಹತ್ತು ನಿಮಿಷ ನನ್ನ ಎದೆ ಹೇಗೆ ಹೊಡೆದುಕೊಂಡಿತು ಅಂತ ಇವತ್ತಿಗೂ ನೆನಪಿದೆ. ಹೊಸ ದೇಶದಲ್ಲಿ, ಹೊಸ ವೀಸಾದಲ್ಲಿ, ಇಂಥದ್ದು ಬೇಡ. ವರ್ಷದಲ್ಲಿ ಕೆಲವು ದಿನ, ಅಮ್ಮಂದಿರ ದಿನ ಮತ್ತು ಅಪ್ಪಂದಿರ ದಿನದ ವಾರಾಂತ್ಯ ಸೇರಿದಂತೆ, ಲೈಸೆನ್ಸ್ ಇಲ್ಲದೆ ಹಿಡಿಯಲು ಬಿಡುತ್ತಾರೆ. ಅದೂ ಕೆನಡಾ ನಿವಾಸಿಗಳಿಗೆ ಮಾತ್ರ.

ಲೈಸೆನ್ಸ್‌ನಲ್ಲಿ ಎರಡು ಥರ. ಸ್ಪೋರ್ಟ್ ಅಂದರೆ ಜಾಸ್ತಿ ಮೀನು ಇಟ್ಟುಕೊಳ್ಳಬಹುದು, ಕನ್ಸರ್ವೇಶನ್ ಅಂದರೆ ಕಮ್ಮಿ. ಮೊದಲ ವರ್ಷಕ್ಕೆ ಕನ್ಸರ್ವೇಶನ್ ಧಾರಾಳವಾಗಿ ಸಾಕು. ಚಿನೂಕ್ ಅನ್ನುವ ದೊಡ್ಡ ಸಾಲ್ಮನ್ ಒಂದು ಸಿಕ್ಕರೆ ನಾಲ್ಕು ಮನೆಗೆ ಹಂಚಬಹುದು. ಹಂಚಬಹುದು, ಮಾರಬಾರದು. ಸರೋವರ ಮೀನುಗಾರಿಕೆ ನಿಯಮದ 20ನೇ ವಲಯಕ್ಕೆ ಬರುತ್ತದೆ, ಅದಕ್ಕೆ ಸೇರುವ ನದಿಗಳ ನಿಯಮ ಬೇರೆ. ಆ ವರ್ಷದ ನಿಯಮ ಪುಸ್ತಕದಲ್ಲಿ ನೀವು ನಿಂತ ಜಾಗದ ಪುಟವನ್ನು ಹೊರಡುವ ಮೊದಲೇ ಓದಿಕೊಳ್ಳಿ.

ಈಗ ಮೀನಿನ ಮಾತು. ಇವತ್ತು ಜನ ಮುಗಿಬಿದ್ದು ಹಿಡಿಯುವ ಚಿನೂಕ್ ಮತ್ತು ಕೋಹೋ ಅನ್ನುವ ಸಾಲ್ಮನ್‌ಗಳು ಆ ಸರೋವರದ ಮೂಲದ ಮೀನುಗಳಲ್ಲ. ಅಲ್ಲಿ ಹುಟ್ಟಿ ಬೆಳೆದಿದ್ದು ಅಟ್ಲಾಂಟಿಕ್ ಸಾಲ್ಮನ್. ಗಿರಣಿಗಳಿಗಾಗಿ ನದಿಗಳಿಗೆ ಕಟ್ಟೆ ಕಟ್ಟಿದರು, ಕಾಡು ಕಡಿದರು, ಮಿತಿ ಇಲ್ಲದೆ ಹಿಡಿದರು. 19ನೇ ಶತಮಾನ ಮುಗಿಯುವಷ್ಟರಲ್ಲಿ ಅದು ನಾಶವಾಯಿತು. ಆಮೇಲೆ ಕಡಲಿಂದ ಬಂದ ಏಲ್‌ವೈಫ್ ಅನ್ನುವ ಸಣ್ಣ ಮೀನು ಮಹಾ ಸರೋವರಗಳಲ್ಲಿ ಮಿತಿಮೀರಿ ಹೆಚ್ಚಿತು. 1967ರಲ್ಲಿ ಮಿಶಿಗನ್ ಸರೋವರದ ದಡದಲ್ಲಿ ಅವು ರಾಶಿ ರಾಶಿ ಸತ್ತು ನಾರಿದವು. ಹೀಗೆ ಹೆಚ್ಚಿದ ಏಲ್‌ವೈಫನ್ನು ತಿನ್ನಲಿ, ಜನರಿಗೆ ಹಿಡಿಯೋಕೂ ಆಗಲಿ ಅಂತ ಪೆಸಿಫಿಕ್ ಕಡೆಯ ಕೋಹೋವನ್ನು 1966ರಲ್ಲಿ, ಚಿನೂಕನ್ನು 1967ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯ‌ನವರು ತಂದು ಬಿಟ್ಟರು. 1968ರ ಹೊತ್ತಿಗೆ ಒಂಟಾರಿಯೋ ಸರೋವರಕ್ಕೂ ಕೋಹೋ ಬಂತು. ಅಟ್ಲಾಂಟಿಕ್ ಸಾಲ್ಮನ್ ಅನ್ನು ಮತ್ತೆ ನೆಲೆಗೊಳಿಸುವ ಕೆಲಸ 2006ರಿಂದ ಜೋರಾಗಿ ನಡೆದಿದೆ. ಅದಕ್ಕೇ ಕೈಗೆ ಬಂದ ಮೀನು ಯಾವುದು ಅಂತ ಗುರುತಿಸಲು ಕಲಿಯಿರಿ, ಒಂದೊಂದಕ್ಕೆ ಒಂದೊಂದು ನಿಯಮ ಇದೆ. ಬಾಯಿ ತೆರೆದು ನೋಡಿ. ಕೆಳಗಿನ ವಸಡು ಕಪ್ಪಗಿದ್ದರೆ ಚಿನೂಕ್. ಬಾಯಿ ಕಪ್ಪು, ಹಲ್ಲಿನ ಬುಡದ ವಸಡು ಮಾತ್ರ ಬೆಳ್ಳಗಿದ್ದರೆ ಕೋಹೋ. ಬಾಯಿ ಪೂರ್ತಿ ಬಿಳಿ, ಬಾಲದ ತುಂಬ ಸಾಲು ಚುಕ್ಕೆ ಇದ್ದರೆ ರೇನ್‌ಬೋ ಟ್ರೌಟ್. ಅನುಮಾನ ಬಂದರೆ ವಾಪಸ್ ನೀರಿಗೆ ಬಿಡಿ.

ಚಿನೂಕ್‌ಗೆ ಇಷ್ಟವಾದ ನೀರು ಸುಮಾರು 10ರಿಂದ 12 ಡಿಗ್ರಿ. ಈ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಇಡೀ ವರ್ಷದ ಕ್ಯಾಲೆಂಡರ್ ತಾನೇ ಬಿಡಿಸಿಕೊಳ್ಳುತ್ತದೆ. ಏಪ್ರಿಲ್, ಮೇನಲ್ಲಿ ನಡು ಸರೋವರ ತಣ್ಣಗಿರುತ್ತದೆ, ದಡದ ನೀರು ಮಾತ್ರ ಸ್ವಲ್ಪ ಬೆಚ್ಚಗಾಗುತ್ತದೆ. ಆಗ ಬ್ರೌನ್ ಟ್ರೌಟ್, ಕೋಹೋ ದಡದ ಹತ್ತಿರ ಇರುತ್ತವೆ. ಜುಲೈ ಹೊತ್ತಿಗೆ ಮೇಲಿನ ನೀರು 20 ಡಿಗ್ರಿ ದಾಟುತ್ತದೆ. ಮೀನು ದೂರ ಹೋಗಿ ಆಳಕ್ಕೆ ಇಳಿಯುತ್ತದೆ. ಆಗಸ್ಟ್ ಕೊನೆಗೆ, ಸೆಪ್ಟೆಂಬರ್‌ಗೆ ಬಲಿತ ಚಿನೂಕ್ ತಾನು ಹುಟ್ಟಿದ ನದಿಯ ಬಾಯಿಗೆ ವಾಪಸ್ ಬರುತ್ತದೆ. ಮೊಟ್ಟೆ ಇಟ್ಟು ಸಾಯುತ್ತದೆ.

ಗಾಳಿ ಇದನ್ನೆಲ್ಲ ಒಂದೇ ರಾತ್ರಿಯಲ್ಲಿ ತಿರುಗಿಸಬಲ್ಲದು. ಪಶ್ಚಿಮದ ಅಥವಾ ಉತ್ತರದ ಗಾಳಿ ಒಂದೆರಡು ದಿನ ಜೋರಾಗಿ ಬೀಸಿದರೆ ಟೊರಾಂಟೋ ಕಡೆಯ ಬೆಚ್ಚಗಿನ ಮೇಲ್ನೀರು ನಡು ಸರೋವರಕ್ಕೆ ಸರಿಯುತ್ತದೆ. ಆಳದ ತಣ್ಣೀರು ದಡಕ್ಕೆ ಏಳುತ್ತದೆ. ನಿನ್ನೆ ಮಕ್ಕಳು ಈಜಿದ ನೀರಿಗೆ ಇವತ್ತು ಕಾಲಿಡೋಕೆ ಆಗುವುದಿಲ್ಲ. ಗಾಳ ಹಾಕುವವರಿಗೆ ಇದು ಹಬ್ಬ, ಮೀನು ದಡದ ಹತ್ತಿರವೇ ಸಿಗುತ್ತದೆ. ಹೊರಡುವ ಮೊದಲು ಮಳೆ ಬರುತ್ತಾ ಅಂತ ನೋಡುವುದಕ್ಕಿಂತ ಎರಡು ದಿನದಿಂದ ಗಾಳಿ ಯಾವ ದಿಕ್ಕಿನಿಂದ ಬೀಸಿದೆ ಅಂತ ನೋಡಿ.

ಹೊಸಬರಿಗೆ ನನ್ನ ಸಲಹೆ ಒಂದೇ. ಮೊದಲ ಸಲ ದೋಣಿ ಬೇಡ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಮಿಸ್ಸಿಸಾಗಾದ ಪೋರ್ಟ್ ಕ್ರೆಡಿಟ್‌ಗೆ ಹೋಗಿ, ಕ್ರೆಡಿಟ್ ನದಿ ಸರೋವರ ಸೇರುವ ಕಡೆ ನಿಂತುಕೊಳ್ಳಿ. ಎಂಟೂವರೆಯಿಂದ ಹತ್ತು ಅಡಿಯ ರಾಡ್, 20 ಪೌಂಡ್ ಎಳೆತ ತಡೆಯುವ ಲೈನ್ (ಗಾಳದ ದಾರ), ಕತ್ತಲಲ್ಲಿ ಹೊಳೆಯುವ ಸ್ಪೂನ್, ಉದ್ದ ಹಿಡಿಯ ಬಲೆ, ತಲೆಗೆ ಕಟ್ಟುವ ಟಾರ್ಚ್. ಇಷ್ಟು ಸಾಕು. ಸ್ಪೂನ್ ಅಂದರೆ ಚಮಚದ ಆಕಾರದ ಲೋಹದ ತಗಡು, ತುದಿಗೆ ಗಾಳ. ಟಾರ್ಚಿನ ಬೆಳಕು ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಇವನ್ನೆಲ್ಲ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಸಿಗುತ್ತವೆ.

ನನ್ನ ಮೊದಲ ಚಿನೂಕ್ ಅಲ್ಲೇ ಸಿಕ್ಕಿದ್ದು. ಸಾಲಾಗಿ ಇಪ್ಪತ್ತು ಜನ ನಿಂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಎಸೆದ ಸ್ಪೂನ್ ನೀರಿಗೆ ಬೀಳುವ ಸದ್ದು ಮಾತ್ರ. ಇದ್ದಕ್ಕಿದ್ದಂತೆ ರಾಡ್ ಬಗ್ಗಿತು, ರೀಲ್ ಕಿರ್ರ್ ಅಂತ ಕೂಗತೊಡಗಿತು, ಲೈನ್ ಓಡಿತು, ಓಡುತ್ತಲೇ ಇತ್ತು. ನಾನು ಗಾಬರಿಯಲ್ಲಿ ರೀಲನ್ನು ಕೈಯಿಂದ ಒತ್ತಿ ಹಿಡಿಯಲು ಹೋದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮಣಿಕಟ್ಟು ಹಿಡಿದು "ಬಿಡು, ಓಡಲಿ" ಅಂದರು. ಆಚೆ ಈಚೆ ಇದ್ದವರೆಲ್ಲ ತಮ್ಮ ಲೈನ್ ಸುತ್ತಿಕೊಂಡು ನನಗೆ ಜಾಗ ಬಿಟ್ಟರು. ಇಪ್ಪತ್ತು ನಿಮಿಷ ಆದ ಮೇಲೆ ಅವರದೇ ಬಲೆಯಲ್ಲಿ ಎತ್ತಿದೆವು. ಸುಮಾರು ಒಂಬತ್ತು ಕಿಲೋ ಇತ್ತು. ಹೆಸರೂ ಗೊತ್ತಿಲ್ಲದ ಊರಲ್ಲಿ ಮೊದಲ ಸಲ ನಾಲ್ಕು ಜನ ನನ್ನ ಬೆನ್ನು ತಟ್ಟಿದ್ದು ಅವತ್ತೇ.

ಆ ಸಾಲಿನ ಮರ್ಯಾದೆ ಇದು. ಯಾರಿಗಾದರೂ ಮೀನು ಸಿಕ್ಕರೆ ನಿಮ್ಮ ಲೈನ್ ತೆಗೆಯಿರಿ. ಒಬ್ಬರಿಗೆ ಒಂದೇ ಲೈನ್. ಮೀನಿನ ಬಾಯಿಗೆ ಬಿಟ್ಟು ಬೆನ್ನಿಗೋ ಬಾಲಕ್ಕೋ ಗಾಳ ಸಿಕ್ಕಿಕೊಂಡರೆ ತಕ್ಷಣ ಬಿಡಲೇಬೇಕು, ಅದು ಕಾನೂನು. ಮೊಟ್ಟೆ ಮಾತ್ರ ತೆಗೆದುಕೊಂಡು ಮೀನನ್ನು ದಡದಲ್ಲಿ ಎಸೆದು ಹೋಗುವವರನ್ನು ನೋಡಿದ್ದೇನೆ. ತಿನ್ನುವ ಮೀನನ್ನು ಹಾಗೆ ಹಾಳು ಮಾಡುವುದೂ ಅಪರಾಧವೇ. ಹೊಟ್ಟೆ ಉರಿಯುತ್ತದೆ ಅದನ್ನು ನೋಡಿದರೆ.

ಬೇಸಿಗೆಯಲ್ಲಿ ದೋಣಿಗೆ ಹೋಗಬೇಕು ಅನ್ನಿಸಿದರೆ ನಾಲ್ಕೈದು ಜನ ಸೇರಿ ಚಾರ್ಟರ್ ಮಾಡಿಕೊಳ್ಳಿ. ದೋಣಿ, ಕ್ಯಾಪ್ಟನ್, ಸಾಮಾನು ಎಲ್ಲ ಅವರದೇ. ಡೌನ್‌ರಿಗ್ಗರ್ ಅನ್ನುವ ರಾಟೆಯಲ್ಲಿ ಐದು ಕಿಲೋ ತೂಕದ ಗುಂಡನ್ನು ಕೆಳಗೆ ಬಿಡುತ್ತಾರೆ. ಗಾಳದ ಲೈನನ್ನು ಅದಕ್ಕೆ ಕ್ಲಿಪ್ ಮಾಡಿರುತ್ತಾರೆ. ಮೀನು ಕಚ್ಚಿದರೆ ಲೈನ್ ಬಿಚ್ಚಿಕೊಳ್ಳುತ್ತದೆ. ಗುಂಡಿನ ಹತ್ತಿರ ಉಷ್ಣತೆ ತೋರಿಸುವ ಸಾಧನವೂ ಕೆಲವರಲ್ಲಿ ಇರುತ್ತದೆ. ಮೇಲೆ 21 ಡಿಗ್ರಿ, 25 ಮೀಟರ್ ಕೆಳಗೆ 11 ಡಿಗ್ರಿ ಅಂತ ಪರದೆಯಲ್ಲಿ ಬಂದಾಗ ಕ್ಯಾಪ್ಟನ್ "ಸಾಕು" ಅಂತ ರಾಟೆ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಲು ಗಂಟೆಯಲ್ಲಿ ರಾಡ್ ಬಗ್ಗಿತ್ತು.

ಮುಂಗಡ ಕೊಡುವ ಮೊದಲು ಕ್ಯಾಪ್ಟನ್ ಹತ್ತಿರ ಒಂದು ಮಾತು ಬರವಣಿಗೆಯಲ್ಲಿ ಕೇಳಿ: ಗಾಳಿಗೆ ನೀವೇ ರದ್ದು ಮಾಡಿದರೆ ದುಡ್ಡು ವಾಪಸ್ಸಾ? ನಮಗೆ ಒಂದು ಸಲ ವಾಪಸ್ ಬರಲಿಲ್ಲ. ಹಿಂದಿನ ರಾತ್ರಿಯೇ ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಎರಡು ಇಡ್ಲಿ ತಿಂದರೆ ಸಾಕು. ಜುಲೈನಲ್ಲೂ ಸ್ವೆಟರ್ ಬೇಕು.

ಲೈಫ್ ಜಾಕೆಟ್ ಬೆಂಚಿನ ಕೆಳಗೆ ಇದ್ದರೆ ಪ್ರಯೋಜನ ಇಲ್ಲ, ಮೈಮೇಲೆ ಇರಬೇಕು. ತಣ್ಣೀರಿಗೆ ಬಿದ್ದವರ ಬಗ್ಗೆ ಅಲ್ಲಿ 1-10-1 ಅಂತ ಒಂದು ಲೆಕ್ಕ ಕಲಿಸುತ್ತಾರೆ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಏದುಸಿರು. ಆಮೇಲೆ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಈಜು ಚೆನ್ನಾಗಿ ಬರುವವರೂ ಮುಳುಗುವುದು ಆ ಮೊದಲ ಹನ್ನೊಂದು ನಿಮಿಷದಲ್ಲಿ. ಜಾಕೆಟ್ ಹಾಕಿದ್ದರೆ ಮಿಕ್ಕ ಒಂದು ಗಂಟೆ ನಿಮ್ಮದು. ಬಕೆಟ್ ಪಾಠ ಮಾಡಿದ್ದು ಇದಕ್ಕೇ.

ತಿನ್ನುವ ವಿಷಯ. ಸರೋವರದಲ್ಲಿ ಬೆಳ್ಳಿಯಂತೆ ಹೊಳೆಯುವ ಮೀನು ರುಚಿ. ನದಿ ಹತ್ತಿ ಕಂದು ಬಣ್ಣಕ್ಕೆ ತಿರುಗಿದ್ದು ಮೆತ್ತಗಿರುತ್ತದೆ, ಅದನ್ನು ಬಿಟ್ಟುಬಿಡಿ, ಮೊಟ್ಟೆ ಇಡಲಿ. ದೊಡ್ಡ ಮೀನಿನ ಕೊಬ್ಬಿನಲ್ಲಿ ಪಿಸಿಬಿ ಅನ್ನುವ ಕೈಗಾರಿಕಾ ರಾಸಾಯನಿಕ ಸೇರಿಕೊಂಡಿರುತ್ತದೆ. ಯಾವ ನೀರಿನ ಯಾವ ಮೀನು, ಎಷ್ಟು ಉದ್ದ ಇದ್ದರೆ ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಒಂಟಾರಿಯೋ ಪ್ರಾಂತ್ಯದ ಸರ್ಕಾರವೇ ಪಟ್ಟಿ ಕೊಡುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಬೇರೆ ಪಟ್ಟಿ. ಚರ್ಮ ತೆಗೆದು, ಹೊಟ್ಟೆ ಭಾಗದ ಕೊಬ್ಬು ಕತ್ತರಿಸಿ, ಗ್ರಿಲ್ ಮೇಲೆ ಸುಟ್ಟರೆ ಕೊಬ್ಬು ಕೆಳಗೆ ಹನಿಯುತ್ತದೆ. ನಮ್ಮ ಸಾರಿನಲ್ಲಿ ಅದು ಅಲ್ಲೇ ಉಳಿಯುತ್ತದೆ, ಹಾಗಾಗಿ ಸಾರಿಗೆ ಚಿಕ್ಕ ಮೀನನ್ನೇ ಬಳಸಿ. ಬ್ಯಾಡಗಿ ಮೆಣಸಿನ ಪುಡಿ, ಹುಣಸೆಹಣ್ಣು, ಬೆಳ್ಳುಳ್ಳಿ, ಉಪ್ಪು ಅರೆದು ಸವರಿ ಒಂದು ಗಂಟೆ ಬಿಡಿ. ಆ ಪುಡಿ ಮಾತ್ರ ಇಲ್ಲಿಂದಲೇ ಒಯ್ಯಿರಿ.

ಮನೆ ಹಂಚಿಕೊಂಡಿರುವವರು ಮೀನು ತರುವ ಮೊದಲು ಜೊತೆಯವರನ್ನು ಕೇಳಿ. ಮೀನು ತಿನ್ನದ ಕನ್ನಡದ ಮನೆಗಳು ಅಲ್ಲೂ ಬೇಕಾದಷ್ಟಿವೆ. ಅವರಿಗೂ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಜಾಗ ತೋರಿಸಬೇಕು. ಪೋರ್ಟ್ ಹೋಪ್ ಊರಿನ ಗನರಾಸ್ಕಾ ನದಿಯಲ್ಲಿ ಕಾರ್ಬೆಟ್ಸ್ ಡ್ಯಾಮ್ ಅಂತ ಇದೆ, ಪಕ್ಕದಲ್ಲಿ ಮೀನು ಹತ್ತಿ ಹೋಗಲು ಮೆಟ್ಟಿಲು ಕಟ್ಟಿದ್ದಾರೆ. ನನ್ನ ಅಮ್ಮ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ದೊಡ್ಡ ಚಿನೂಕ್ ನಾಲ್ಕು ಸಲ ಹಾರಿ ನಾಲ್ಕು ಸಲವೂ ಕೆಳಗೆ ಬಿತ್ತು. ಐದನೇ ಸಲ ಹಾರುವಾಗ ಅಮ್ಮ ಕಂಬಿ ಹಿಡಿದು "ಹತ್ತವ್ವ, ಹತ್ತು!" ಅಂತ ಕೂಗಿದರು. ಶನಿವಾರ, ಭಾನುವಾರ ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗುವುದಿಲ್ಲ. ವಾರದ ದಿನ, ಬೆಳಿಗ್ಗೆ ಬೇಗ ಹೋಗಿ.