ಹಳೇ ಕಾರಿನ ಹೆಡ್‌ಲೈಟ್: ಬಲ್ಬಿಗಿಂತ ಮೊದಲು ವೈರು ನೋಡಿ

ಹಳೇ ಕಾರಿನ ಹೆಡ್‌ಲೈಟ್ ಮಂಕಾಗಿದೆ ಎಂದು ಯಾರಿಗೆ ಹೇಳಿದರೂ ಸಿಗುವ ಸಲಹೆ ಒಂದೇ: ‘100/90 ಬಲ್ಬು (ದೂರ ಬೀಳುವ ಹೈ ಬೀಮಿಗೆ 100, ಹತ್ತಿರ ಬೀಳುವ ಲೋ ಬೀಮಿಗೆ 90 ವ್ಯಾಟ್) ಹಾಕಿಸಿಬಿಡಿ.’ ನನಗೂ ಅದನ್ನೇ ಹೇಳಿದ್ದರು. ನನ್ನ ಕಾರಿನದು ಗಾಜಿನ ಲೆನ್ಸಿನ, ಎಚ್‌4 ಬಲ್ಬಿನ (ಹೈ, ಲೋ ಎರಡರ ಫಿಲಮೆಂಟೂ ಒಂದೇ ಬಲ್ಬಿನಲ್ಲಿರುವ) ಹಳೇ ಮಾದರಿ. ಎಂಜಿನ್ ಗಟ್ಟಿಯಾಗಿದ್ದರೂ ರಾತ್ರಿ ಮಳೆಯಲ್ಲಿ ರಸ್ತೆಯ ಅಂಚೇ ಕಾಣುತ್ತಿರಲಿಲ್ಲ. ಆದರೂ ಬಲ್ಬು ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದೆ. ಹಾಗೆ ಮಾಡಿದ್ದರಿಂದಲೇ ಇಡೀ ಕೆಲಸ ಸರಿಯಾದ ದಾರಿಗೆ ಬಂತು.

ಅಳೆಯುವ ಕ್ರಮ ಮುಖ್ಯ. ಬಲ್ಬಿನ ಹೋಲ್ಡರ್ ಕಿತ್ತು ಅಳೆದರೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಕರೆಂಟ್ ಹರಿಯದೆ ವೈರಿನ ದೋಷ ಹೊರಬೀಳುವುದಿಲ್ಲ. ಎಂಜಿನ್ ಓಡುತ್ತಿರಬೇಕು, ದೀಪ ಉರಿಯುತ್ತಿರಬೇಕು, ಹೋಲ್ಡರಿನ ಹಿಂಬದಿಯಿಂದ ಪ್ರೋಬ್ ತೂರಿಸಿ ನೋಡಬೇಕು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದಾಗ ಬಲ್ಬಿಗೆ ಸಿಗುತ್ತಿದ್ದದ್ದು ಬರೀ 11.4. ಉಳಿದ 2.4 ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. ಬಿಡಿಸಿ ನೋಡಿದರೆ 1.7 ಪಾಸಿಟಿವ್ ಕಡೆ, 0.7 ಅರ್ಥಿಂಗ್ ಕಡೆ. ಬಾಡಿಗೆ ಬಿಗಿದ ಅರ್ಥಿಂಗ್ ಸ್ಕ್ರೂ ಕೆಳಗೆ ತುಕ್ಕು ಕೂತಿತ್ತು.

ಎರಡೂವರೆ ವೋಲ್ಟು ತಾನೇ ಅನ್ನಬೇಡಿ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮನಾಗಿ ಇಳಿಯುವುದಿಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. 10 ಶೇಕಡ ವೋಲ್ಟೇಜ್ ಕಳೆದುಕೊಂಡರೆ ಬೆಳಕು 30 ಶೇಕಡ ಹೋಗುತ್ತದೆ. ನನ್ನ ಲೆಕ್ಕಕ್ಕೆ ಹೆಚ್ಚುಕಡಿಮೆ ಅರ್ಧ ಬೆಳಕೇ ಮಾಯವಾಗಿತ್ತು. ಕಾರಣ ಸರಳ. ಆ ಕಾಲದ ಎಷ್ಟೋ ಕಾರುಗಳಲ್ಲಿ ದೀಪದ ಪೂರ್ತಿ ಕರೆಂಟು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಓಡುತ್ತದೆ. ಅದೂ ಸಣಕಲು ವೈರಿನಲ್ಲಿ. 55 ವ್ಯಾಟಿನ ಎರಡು ಲೋ ಬೀಮ್ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಅದೇ ವೈರಿಗೆ 90 ವ್ಯಾಟಿನ ಜೋಡಿ ಹಾಕಿದರೆ 15 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊದಲು ಕರಗುವುದು ಪ್ಲಾಸ್ಟಿಕ್ ಹೋಲ್ಡರ್, ಆಮೇಲೆ ಸ್ವಿಚ್ಚಿನ ಕಾಂಟ್ಯಾಕ್ಟ್. ಹೆಡ್‌ಲೈಟ್ ಸ್ವಿಚ್ಚು ಕೈಗೆ ಬೆಚ್ಚಗೆ ಹತ್ತುತ್ತಿದ್ದರೆ ಆ ಕಾರಿಗೆ ದೊಡ್ಡ ಬಲ್ಬು ಹಾಕುವ ಮಾತೇ ಬೇಡ.

ಹಾಗಾಗಿ ಮೊದಲು ರಿಲೇ, ಅಂದರೆ ಸಣ್ಣ ಕರೆಂಟಿನ ಸೂಚನೆಗೆ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು, ಕೂರಿಸಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆಯೇ ಕೆಲಸ ಶುರು. ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಒಂದು. ಒಂದು ಪಕ್ಕದ ಹಳೇ ಹೋಲ್ಡರಿಗೆ ಬರುತ್ತಿದ್ದ ವೈರುಗಳು ಇನ್ನು ಮೇಲೆ ಬಲ್ಬು ಉರಿಸುವುದಿಲ್ಲ, ರಿಲೇಗೆ ಸೂಚನೆ ಮಾತ್ರ ಕೊಡುತ್ತವೆ. ರಿಲೇಯ ಪಿನ್ನುಗಳಿಗೆ ನಂಬರು ಇರುತ್ತದೆ: ಆ ವೈರು 86ಕ್ಕೆ, ಅರ್ಥಿಂಗ್ 85ಕ್ಕೆ, ಬ್ಯಾಟರಿಯಿಂದ ನೇರ ಬಂದ ದಪ್ಪ ವೈರು 30ಕ್ಕೆ, 87ರಿಂದ ಬಲ್ಬಿಗೆ. ಇನ್ನೊಂದು ಪಕ್ಕದ ಹಳೇ ಹೋಲ್ಡರನ್ನು ನೀರು ಹೋಗದಂತೆ ಸುತ್ತಿ ಕಟ್ಟಿಟ್ಟೆ. ಈಗ ಸ್ವಿಚ್ಚಿನಲ್ಲಿ ಹರಿಯುವುದು ಒಂದು ಆಂಪಿಯರಿನ ಸಣ್ಣ ಭಾಗವಷ್ಟೇ, ಅದರ ಆಯಸ್ಸೂ ಹೆಚ್ಚಿತು.

ವೈರು 2.5 ಚದರ ಮಿ.ಮೀ. ತಾಮ್ರದ್ದು. ಅರ್ಥಿಂಗಿಗೂ ಅಷ್ಟೇ ದಪ್ಪ. ಅನೇಕರು ಪಾಸಿಟಿವ್ ಕಡೆ ದಪ್ಪ ವೈರು ಎಳೆದು ಅರ್ಥಿಂಗನ್ನು ಹಳೆಯದಕ್ಕೇ ಬಿಡುತ್ತಾರೆ, ಅರ್ಧ ಕೆಲಸ ಅಲ್ಲೇ ಉಳಿಯುತ್ತದೆ. ನಾನು ಬಾಡಿಯ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಲಗ್ ಬಿಗಿದು, ಮೇಲೆ ಗ್ರೀಸ್ ಸವರಿದೆ. ಹೋಲ್ಡರ್ ಸೆರಾಮಿಕ್‌ನದು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸಿಗಿಂತ ಹಿಂದಿನ ವೈರು ಬಾಡಿಗೆ ತಾಗಿದರೆ ಕಾಪಾಡುವವರು ಯಾರೂ ಇಲ್ಲ. ಎರಡು ರಿಲೇಗೂ ಬೇರೆ ಬೇರೆ 15 ಆಂಪಿಯರ್ ಫ್ಯೂಸ್ ಕೊಟ್ಟೆ. ಕತ್ತಲಲ್ಲಿ ಒಂದು ಹಾರಿದರೂ ಇನ್ನೊಂದು ಬೀಮ್ ಕೈಯಲ್ಲಿರುತ್ತದೆ. ರಿಲೇಗಳನ್ನು ಪಿನ್ನು ಕೆಳಮುಖವಾಗಿರುವಂತೆ ಕೂರಿಸಿ, ಇಲ್ಲದಿದ್ದರೆ ನೀರು ನಿಲ್ಲುತ್ತದೆ. ವೈರುಗಳನ್ನು ಫ್ಯಾನಿನಿಂದ, ಸೈಲೆನ್ಸರಿನ ಬಿಸಿಯಿಂದ ದೂರ ಕಟ್ಟಿ.

ಒಂದು ಎಚ್ಚರಿಕೆ: ಕೆಲವು ಹಳೇ ಜಪಾನಿ ಕಾರುಗಳಲ್ಲಿ ಸ್ವಿಚ್ಚು ಇರುವುದು ಅರ್ಥಿಂಗ್ ಕಡೆ. ಬಲ್ಬಿಗೆ ಪಾಸಿಟಿವ್ ಸದಾ ಬರುತ್ತಿದ್ದು, ನೆಗೆಟಿವ್ ಸೇರಿಸಿದಾಗ ದೀಪ ಹೊತ್ತುತ್ತದೆ. ಅಲ್ಲಿ ರಿಲೇ ಸಂಪರ್ಕ ಬೇರೆ. ವೈರಿನ ಬಣ್ಣ ನಂಬದೆ ಮೀಟರ್ ಹಿಡಿದೇ ಗುರುತು ಹಾಕಿಕೊಳ್ಳಿ.

ಮತ್ತೆ ಅಳೆದಾಗ ಬಲ್ಬಿನಲ್ಲಿ 13.4 ವೋಲ್ಟ್. ಹಳೇ ಬಲ್ಬೇ ಬೆಳ್ಳಗೆ ಉರಿಯುತ್ತಿತ್ತು. ಅದಾದ ಮೇಲೆ ಬಲ್ಬಿನ ಆಯ್ಕೆ. 100/90 ಬೇಡವೆಂದು ಆಗಲೇ ಗಟ್ಟಿಯಾಗಿತ್ತು. ಎಚ್‌4ಗೆ ಅಂತರರಾಷ್ಟ್ರೀಯ ನಿಯಮ ಗೊತ್ತುಮಾಡಿರುವುದು 60/55 ವ್ಯಾಟ್. ಅದಕ್ಕಿಂತ ಹೆಚ್ಚಿನದು ಎಷ್ಟೋ ಕಡೆ ರಸ್ತೆಗೆ ನಿಷಿದ್ಧ, ರಿಫ್ಲೆಕ್ಟರಿನ ಹೊಳಪನ್ನೂ ಸುಡುತ್ತದೆ. ನಾನು ಹಾಕಿದ್ದು ಅದೇ 60/55ರ, ಹೆಚ್ಚು ಪ್ರಕಾಶದ ಹ್ಯಾಲೊಜನ್. ಇವುಗಳಲ್ಲಿ ಫಿಲಮೆಂಟ್ ಒತ್ತಾಗಿ ಸುತ್ತಿರುತ್ತದೆ, ಬೆಳಕು ಬೇಕಾದಲ್ಲಿಗೆ ಸಾಂದ್ರವಾಗಿ ಬೀಳುತ್ತದೆ. ಡಬ್ಬಿಯ ಮೇಲೆ ‘100 ಶೇಕಡ ಹೆಚ್ಚು’ ಎಂದು ಬರೆದಿರುವುದು ರಸ್ತೆಯ ಯಾವುದೋ ಒಂದು ಬಿಂದುವಿನ ಲೆಕ್ಕ. ಒಟ್ಟು ಬೆಳಕು 13.2 ವೋಲ್ಟಿಗೆ ಹೈ ಬೀಮಿನಲ್ಲಿ 1650, ಲೋ ಬೀಮಿನಲ್ಲಿ 1000 ಲ್ಯೂಮೆನ್‌ನ ಆಸುಪಾಸಿನಲ್ಲೇ ಇರಬೇಕೆಂಬುದು ನಿಯಮ. ನೀಲಿ ಬಣ್ಣ ಬಳಿದ ಬಲ್ಬನ್ನು ಮುಟ್ಟಲೇ ಇಲ್ಲ, ಆ ಲೇಪ ಬೆಳಕನ್ನೇ ನುಂಗುತ್ತದೆ. ಹಾಕುವಾಗ ಗಾಜಿಗೆ ಬೆರಳು ತಾಗಿಸಬಾರದು. ತಾಗಿದರೆ ಸ್ಪಿರಿಟ್‌ನಿಂದ ಒರೆಸಿ.

ಫಿಲಮೆಂಟ್ ಇಲ್ಲದೆ, ಅನಿಲದಲ್ಲಿ ಹೊತ್ತುವ ವಿದ್ಯುತ್ ಆರ್ಕ್‌ನಿಂದ ಬೆಳಕು ಕೊಡುವ ಎಚ್‌ಐಡಿ ಕಿಟ್ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಳೇ ರಿಫ್ಲೆಕ್ಟರಿಗೆ ಖಂಡಿತ ಬೇಡ. ಎಚ್‌4ರ ಲೋ ಬೀಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದಿದೆ, ಮೇಲಕ್ಕೆ ಹಾರುವ ಬೆಳಕನ್ನು ತಡೆಯುವುದು ಅದೇ. ರಿಫ್ಲೆಕ್ಟರಿನ ಬಾಗು, ಲೆನ್ಸಿನ ಗೀರುಗಳು ಎಲ್ಲವೂ ಆ ಫಿಲಮೆಂಟಿನ ಜಾಗ, ಆಕಾರಕ್ಕೆ ತಕ್ಕಂತೆ ಮಾಡಿದವು. ಎಚ್‌ಐಡಿಯ ಆರ್ಕ್‌ನ ಆಕಾರವೇ ಬೇರೆ. ಬೆಳಕು ಎಲ್ಲೆಲ್ಲೋ ಚೆಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ. ಎಲ್‌ಇಡಿ ಬಲ್ಬಿಗೂ ಬಹುಮಟ್ಟಿಗೆ ಇದೇ ಮಾತು. ಎದುರಿನ ಬೈಕಿನವನಿಗೆ ಎರಡು ಸೆಕೆಂಡು ರಸ್ತೆ ಕಾಣದೇ ಹೋದರೆ ಏನಾಗಬಹುದೆಂದು ಯೋಚಿಸಿ. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಾರೆ.

ಆಮೇಲೆ ಬೀಮ್ ಸೆಟ್ಟಿಂಗ್. ಟೈರಿಗೆ ಸರಿಯಾದ ಗಾಳಿ ಹಾಕಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿದೆ. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಲೋ ಬೀಮಿನ ಮೇಲಿನ ಗೆರೆ ಅದಕ್ಕಿಂತ 10 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿದೆ. ರಸ್ತೆಯ ಎಡಗಡೆ ಓಡಿಸುವ ದೇಶಗಳ ದೀಪದಲ್ಲಿ ಆ ಗೆರೆ ಎಡಕ್ಕೆ ಹೋಗುತ್ತಾ ಮೇಲೇರುತ್ತದೆ, ಅದು ದೋಷವಲ್ಲ. ಬಲ್ಬು ಬದಲಿಸಿದಾಗಲೆಲ್ಲ ಇದನ್ನು ನೋಡಲೇಬೇಕು.

ಪ್ರಕಾಶದ ಬಲ್ಬುಗಳ ಆಯಸ್ಸು ಮಾಮೂಲಿಗಿಂತ ಕಡಿಮೆ. ವೋಲ್ಟೇಜ್ 5 ಶೇಕಡ ಏರಿದರೆ ಅದೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಆಲ್ಟರ್ನೇಟರ್ 14.5 ದಾಟುತ್ತಿಲ್ಲವೇ ಎಂದು ಆಗಾಗ ನೋಡುತ್ತಿರುತ್ತೇನೆ. ಒಂದು ಬಲ್ಬು ಹೋದರೆ ಜೋಡಿಯನ್ನೇ ಬದಲಿಸುತ್ತೇನೆ, ಹಳೇ 60/55 ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲೇ ಇಟ್ಟಿದ್ದೇನೆ.